ಕ್ಯಾಮೆಲಿಯ ಕುಲದ ವಿಂಗಡಣೆ: ಒಂದು ವಿಮರ್ಶೆ

ಸಸ್ಯಗಳ ವಿಂಗಡಣೆಯನ್ನು ಕುರಿತ ಗ್ರಂಥಗಳು ಸಾಮಾನ್ಯವಾಗಿ ಸಾಹಿತ್ಯಜ್ಞರ ಪರಿಶೀಲನೆಗೆ ಬರುವುದಿಲ್ಲ. ಆದರೆ ಹೆಸರಿನ ವ್ಯಾಪ್ತಿಯೆಷ್ಟು, ಲಕ್ಷಣವು ಲಕ್ಷ್ಯಕ್ಕೆ ಒಪ್ಪುವುದೋ ಇಲ್ಲವೋ ಎಂಬ ವಿಚಾರವು ಲಾಕ್ಷಣಿಕನಿಗೂ ಸಸ್ಯಶಾಸ್ತ್ರಜ್ಞನಿಗೂ ಸಮಾನವಾದುದು. ಅವ್ಯಾಪ್ತಿ ಅತಿವ್ಯಾಪ್ತಿಗಳೆಂಬ ದೋಷಗಳು ಎರಡು ಶಾಸ್ತ್ರಗಳಲ್ಲಿಯೂ ಉಂಟು. ಚಹಾ ಗಿಡವನ್ನೂ ಪೂರ್ವ ಏಷ್ಯದ ಹಲವು ಹೂಗಿಡಗಳನ್ನೂ ಒಳಗೊಂಡ, ಸದಾ ಹಸುರಾಗಿರುವ ಕ್ಯಾಮೆಲಿಯ ಕುಲದ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ.

ಲಿನೀಯಸನು 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟೇರಂ’ ಗ್ರಂಥದಲ್ಲಿ ಚಹಾ ಗಿಡಕ್ಕೆ ಥೀಯ ಎಂದೂ, ಜಪಾನಿನ ಹೂಗಿಡಕ್ಕೆ ಕ್ಯಾಮೆಲಿಯ ಎಂದೂ ಎರಡು ಕುಲಗಳನ್ನು ಕಲ್ಪಿಸಿದನು. ಎರಡನೆಯ ಹೆಸರು ಬ್ರನೋ ನಗರದಲ್ಲಿ ಹುಟ್ಟಿ, ಫಿಲಿಪೈನ್ ದ್ವೀಪಗಳ ಗಿಡಮೂಲಿಕೆಗಳನ್ನು ವರ್ಣಿಸಿ, 1706ರಲ್ಲಿ ತೀರಿಕೊಂಡ ಜೆಸ್ಯೂಟ್ ಸೋದರ ಕಾಮೆಲನ ಸ್ಮರಣಾರ್ಥವಾದುದು. ಕೇಸರಗಳು ಬಿಡಿಬಿಡಿಯಾಗಿದ್ದರೆ ಒಂದು ವರ್ಗ, ಬುಡದಲ್ಲಿ ಕೂಡಿಕೊಂಡಿದ್ದರೆ ಇನ್ನೊಂದು ವರ್ಗ ಎಂಬುದು ಲಿನೀಯಸನ ನಿಯಮ. ಚಹಾ ಹೂವಿನ ಹೊರಸುತ್ತಿನ ಕೇಸರಗಳೂ ಬುಡದಲ್ಲಿ ಸ್ವಲ್ಪ ಕೂಡಿರುವುವಾದುದರಿಂದ, ಇಲ್ಲಿರುವುದು ತಾರತಮ್ಯವೇ ಹೊರತು ಭೇದವಲ್ಲ. 1818ರಲ್ಲಿ ಸ್ವೀಟ್ ಎಂಬವನು ಎರಡನ್ನೂ ಒಂದುಗೂಡಿಸಿದುದು ಯುಕ್ತವಾಗಿಯೇ ಇದೆ. ಚಹಾ ಗಿಡಕ್ಕೆ ಇಂದು ಸಲ್ಲುವ ‘ಕ್ಯಾಮೆಲಿಯ ಸೈನೆನ್ಸಿಸ್’ ಎಂಬ ಹೆಸರನ್ನು ಕುಂಟ್ಸೆಯು 1887ರಲ್ಲಿ ಕೊಟ್ಟನು.

ಇದಕ್ಕಿಂತ ದೊಡ್ಡ ದೋಷವು ಲಿನೀಯಸನ 1762ರ ಆವೃತ್ತಿಯಲ್ಲಿದೆ. ಅಲ್ಲಿ ಆತನು ಎಸಳುಗಳು ಆರಿದ್ದರೆ ಒಂದು, ಒಂಬತ್ತಿದ್ದರೆ ಇನ್ನೊಂದು ಎಂದು ಚಹಾ ಗಿಡವನ್ನೇ ಎರಡು ಪ್ರಭೇದಗಳಾಗಿ ಒಡೆದನು. ಕಪ್ಪು ಚಹಾ, ಹಸುರು ಚಹಾ ಎಂಬ ಸರಕಿನ ಭೇದವೇ ಈ ಎರಡು ಹೆಸರುಗಳಿಗೆ ಅಂಟಿಕೊಂಡಿತು. ಎಸಳುಗಳ ಎಣಿಕೆಯು ಹೂವಿನಿಂದ ಹೂವಿಗೆ ಬದಲಾಗುವುದರಿಂದ ಈ ಲಕ್ಷಣವು ಅವ್ಯಾಪ್ತಿ ಅತಿವ್ಯಾಪ್ತಿಗಳೆರಡಕ್ಕೂ ಗುರಿಯಾಗುತ್ತದೆ. 1840ರ ದಶಕದಲ್ಲಿ ಚೀನದೇಶದ ತೋಟಗಳನ್ನು ಸಂಚರಿಸಿ ನೋಡಿದ ರಾಬರ್ಟ್ ಫಾರ್ಚ್ಯೂನನು, ಒಂದೇ ಗಿಡದ ಎಲೆಯಿಂದ ಎರಡು ಬಗೆಯ ಚಹವೂ ಆಗುವುದೆಂದೂ ಭೇದವು ಹದಮಾಡುವ ಕ್ರಮದಲ್ಲಿದೆಯೆಂದೂ ತಿಳಿಸಿದನು. ಪಂಡಿತನ ತಪ್ಪನ್ನು ತೋಟಗಾರನ ಕಸುಬು ತಿದ್ದಿತು.

ತೋಟವೇ ಶಾಸ್ತ್ರವನ್ನು ಮೋಸಗೊಳಿಸುವುದೂ ಉಂಟು. ಲಿಂಡ್ಲಿಯು 1827ರಲ್ಲಿ ‘ರೆಟಿಕ್ಯುಲೇಟ’ ಪ್ರಭೇದವನ್ನು ವರ್ಣಿಸಿದುದು, 1820ರಲ್ಲಿ ಕ್ಯಾಪ್ಟನ್ ರಾಸ್ ಎಂಬವನು ಇಂಗ್ಲೆಂಡಿಗೆ ತಂದ, ಚೀನೀ ತೋಟಗಾರರು ಬೆಳಸಿದ ಬಹುದಳದ ಗಿಡವನ್ನು ನೋಡಿ. ಯುನ್ನಾನ್ ಬೆಟ್ಟಗಳಲ್ಲಿ ಫಾರೆಸ್ಟನಿಗೆ ದೊರೆತ ಕಾಡುಗಿಡದ ಹೂವಾದರೋ ಸಾದಾ ದಳದ್ದು. ತಿದ್ದಿದ ಪ್ರತಿಯನ್ನೇ ಮೂಲಪ್ರತಿಯೆಂದು ಭ್ರಮಿಸಿದ ಸಂಪಾದಕನ ಸ್ಥಿತಿಗೂ ಇದಕ್ಕೂ ವ್ಯತ್ಯಾಸವಿಲ್ಲ.

ಇಡೀ ಕುಲವನ್ನು ಕುರಿತ ಗ್ರಂಥಗಳಲ್ಲಿ ಮೂರು ಮುಖ್ಯವಾದುವು. ಸೀಲಿಯವರು 1958ರಲ್ಲಿ 82 ಪ್ರಭೇದಗಳನ್ನು ಗಣಿಸಿ, ಸರಿಯಾಗಿ ತಿಳಿಯದ ಕೆಲವನ್ನು ಪ್ರತ್ಯೇಕವಾಗಿಟ್ಟರು; ಈ ಸಂಯಮವೇ ಆ ಗ್ರಂಥದ ಗುಣ. ಚಾಂಗ್ ಹುಂಗ್‌ತಾ ಅವರು 1981ರಲ್ಲಿ ಸುಮಾರು 200ಕ್ಕೆ ಏರಿಸಿದರು. ಹಳದಿ ಹೂವಿನ ಗಿಡಗಳಿಗೆ ಪ್ರತ್ಯೇಕ ವಿಭಾಗ ಕಲ್ಪಿಸಿದುದು ಅವರ ಸಾಧನೆ. ಅಲ್ಪಭೇದಕ್ಕೂ ಹೊಸ ಹೆಸರಿಡುವ ಉತ್ಸಾಹ ಅವರ ದೌರ್ಬಲ್ಯ. ಮಿಂಗ್ ಟಿಯೆನ್‌ಲು ಅವರು 2000ದಲ್ಲಿ ಅವನ್ನು 2 ಉಪಕುಲ, 14 ವಿಭಾಗ, 119 ಪ್ರಭೇದಗಳಿಗೆ ಇಳಿಸಿದರು. ಹೂವಿಗೆ ತೊಟ್ಟುಂಟೇ, ಕಾಯಾದ ಮೇಲೂ ಪುಷ್ಪಪತ್ರಗಳು ಉಳಿಯುವುವೇ ಎಂಬ ಸ್ಥಿರಲಕ್ಷಣಗಳನ್ನು ಅವರು ಆಶ್ರಯಿಸಿರುವುದರಿಂದ ಈ ವಿಂಗಡಣೆಯು ಹೆಚ್ಚು ಗ್ರಾಹ್ಯವಾಗಿದೆ. ಆದರೂ ಆನುವಂಶಿಕ ದ್ರವ್ಯದ ಪರೀಕ್ಷೆಗಳು ಇವರ ವಿಭಾಗಗಳನ್ನೂ ಪೂರ್ಣವಾಗಿ ಸಮರ್ಥಿಸಿಲ್ಲ.

ಕೃಷಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಈ ಕುಲದ ಗಿಡಗಳಿಗೆ ಹುಳಿಗುಣದ, ನೀರು ನಿಲ್ಲದ, ಎಲೆಗೊಬ್ಬರವುಳ್ಳ ಮಣ್ಣು ಬೇಕು. ಸುಣ್ಣದ ನೆಲದಲ್ಲಿ ಎಲೆ ಹಳದಿಗಟ್ಟುವುದು. ಬೀಜದ ಸಸಿಯಲ್ಲಿ ತಾಯಿಗಿಡದ ಗುಣ ನಿಲ್ಲದುದರಿಂದ ಹೂವಿನ ತಳಿಗಳನ್ನು ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ಉಳಿಸುವರು. ಚಹಾ ಗಿಡವನ್ನಾದರೋ ಚಿಗುರಿಗಾಗಿ ಮೇಲಿಂದ ಮೇಲೆ ಸವರಿ ಸೊಂಟದೆತ್ತರದಲ್ಲಿ ತಡೆಯುವರು. ಬಿಟ್ಟರೆ ಅದು ಮರವಾಗಬಲ್ಲುದು. ಚಹಾ ಗಿಡವೂ ಹೂಗಿಡವೂ ಒಂದೇ ಕುಲದವೆಂಬುದು ಮರೆಯಾಗಲು ಈ ಕತ್ತರಿಯೂ ಒಂದು ಕಾರಣ.

ಸಾಹಿತ್ಯದ ಅಧ್ಯಾಪಕರಿಗೆ ಇದರಿಂದ ಆಗುವ ಪ್ರಯೋಜನವು ಅಲ್ಪವಲ್ಲ. ಜಪಾನೀ ಕವಿಗಳಲ್ಲಿ ‘ತ್ಸುಬಾಕಿ’ಯು ವಸಂತದ ಸಂಕೇತ, ‘ಸಜಾಂಕ’ವು ಚಳಿಗಾಲದ್ದು. ಮೊದಲನೆಯದರ ಎಸಳುಗಳೂ ಕೇಸರಗಳೂ ಬುಡದಲ್ಲಿ ಕೂಡಿರುವುದರಿಂದ ಹೂವು ಇಡಿಯಾಗಿ ಕಳಚಿ ಬೀಳುತ್ತದೆ. ಎರಡನೆಯದು ಎಸಳೆಸಳಾಗಿ ಉದುರುತ್ತದೆ. ಲಿನೀಯಸನು ಕುಲವನ್ನು ಒಡೆಯಲು ಹಿಡಿದ ಕೇಸರಬಂಧವು, ಕುಲವನ್ನು ಒಡೆಯಲು ಸಾಲದಿದ್ದರೂ, ಕವಿಯ ಪ್ರತಿಮೆಗೆ ಆಧಾರವಾಗಿದೆ. ಎರಡಕ್ಕೂ ‘ಕ್ಯಾಮೆಲಿಯ’ವೆಂಬ ಒಂದೇ ಮಾತನ್ನಿಟ್ಟ ಭಾಷಾಂತರದಲ್ಲಿ ಋತುವೂ ಹೋಗುತ್ತದೆ, ಬೀಳುವ ಬಗೆಯೂ ಹೋಗುತ್ತದೆ. ದ್ಯೂಮನ 1848ರ ಕಾದಂಬರಿಯಲ್ಲಿಯಾದರೋ ಒಂದೇ ಹೂವಿನ ಬಿಳುಪು ಕೆಂಪುಗಳು ಕಥೆಗೆ ಅವಶ್ಯಕ; ಅಲ್ಲಿ ಮಲ್ಲಿಗೆಯನ್ನಿಟ್ಟರೆ ಕೆಂಪು ಲೋಪವಾಗಿ, ಮೂಲದಲ್ಲಿಲ್ಲದ ಪರಿಮಳವು ಸೇರಿಕೊಳ್ಳುವುದು. ಆದುದರಿಂದ ಪರದೇಶದ ಹೂವಿಗೆ ಕನ್ನಡದ ಹೆಸರನ್ನು ಹುಡುಕುವವರು ಮೊದಲು ಅದರ ಲಕ್ಷಣವನ್ನು ವಿಚಾರಿಸುವುದು ಉಚಿತ.