ಛತ್ರದವನ ಸೇವೆ

ಕ್ರೈಸ್ತ ಮಿಶನರಿಗಳು ಕನ್ನಡ ನಾಡಿಗೆ ಸಲ್ಲಿಸಿದ ಸೇವೆಯ ಮಾತು ಬಂದಾಗಲೆಲ್ಲ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನೂ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟನ್ನೂ ಸ್ಮರಿಸುವುದು ನಮ್ಮ ವಿದ್ವಾಂಸರ ವಾಡಿಕೆಯಾಗಿದೆ. ಆ ಸ್ಮರಣೆ ಯೋಗ್ಯವಾದುದೇ. ಆದರೆ ಯಾವ ಶ್ರದ್ಧೆಯ ಬಲದಿಂದ ಆ ಜನರು ಕಡಲು ದಾಟಿ ಬಂದರೋ ಆ ಶ್ರದ್ಧೆಯ ಬೆಲೆಯನ್ನು ಗ್ರಂಥಗಳಿಂದಲೇ ಕಟ್ಟಹೊರಟರೆ ಅರ್ಧಕ್ಕೂ ಹೆಚ್ಚಿನ ಲೆಕ್ಕ ಹೊರಗೆ ಉಳಿಯುತ್ತದೆ. ಗುಳೇದಗುಡ್ಡದ ನೇಕಾರನಿಗಾಗಲಿ, ಆಲಮಟ್ಟಿಯ ಹೊಳೆದಂಡೆಯ ಒಕ್ಕಲುಮಗನಿಗಾಗಲಿ ನಿಘಂಟಿನಿಂದ ಆಗಬೇಕಾದುದೇನೂ ಇರಲಿಲ್ಲ. ಜ್ವರದಲ್ಲಿ ಬೇಯುವ ಮಗುವನ್ನು ಮುಟ್ಟಿ ನೋಡುವ ಕೈಯೊಂದು ಅವನಿಗೆ ಬೇಕಾಗಿದ್ದಿತು. ಉಪದೇಶದಿಂದಲ್ಲದೆ ದಿನದಿನದ ದಯೆಯಿಂದ ತನ್ನ ದೇವರನ್ನು ತೋರಿಸುವ ಈ ಆಚರಣೆ ನಮ್ಮ ಭಾಗದಲ್ಲಿ ಎಷ್ಟರಮಟ್ಟಿಗೆ ಸಾರ್ಥಕವಾಯಿತು, ಎಲ್ಲಿ ಎಡವಿತು ಎಂಬುದನ್ನು ಪರಾಮರ್ಶಿಸುವುದು ಈ ಬರಹದ ಉದ್ದೇಶ.

ಆಲಮಟ್ಟಿಯಲ್ಲಿ ನಿಂತು ಈ ವಿಚಾರವನ್ನು ನೋಡುವವನಿಗೆ ಒಂದು ವಿಶೇಷ ಅನುಕೂಲವುಂಟು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇಲ್ಲಿಗೆ ಸಮೀಪ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಸಂಗಮವೂ ದೂರವಲ್ಲ. ದಯೆಯಿಲ್ಲದ ಧರ್ಮವನ್ನು ಧರ್ಮವೆಂದೇ ಎಣಿಸದ ಪರಂಪರೆ ಈ ನೆಲದಲ್ಲಿ 12ನೆಯ ಶತಮಾನದಿಂದಲೂ ಬೇರೂರಿ ನಿಂತಿದೆ. ದಾಸೋಹದಲ್ಲಿ ಕೊಡುವವನೇ ದಾಸ. ಕೊಟ್ಟೆನೆಂಬ ಅಹಂಕಾರ ಅವನಲ್ಲಿ ಮೊಳೆತರೆ ಮಾಡಿದ ಕಾರ್ಯ ಕೆಟ್ಟಿತೆಂದೇ ಲೆಕ್ಕ. ಆದುದರಿಂದ ಬಾಸೆಲ್ ಮಿಶನ್ನಿನ ಪಾದ್ರಿಗಳು ಇತ್ತ ಬಂದಾಗ ಅವರನ್ನು ಎದುರುಗೊಂಡ ಜನರು ಸೇವೆಯ ಅಳತೆಗೋಲನ್ನೇ ಅರಿಯದ ಜನರಾಗಿರಲಿಲ್ಲ. ಬಂದವರ ಸಿದ್ಧಾಂತವನ್ನು ಅವರು ವಿಚಾರಿಸಲಿಲ್ಲ, ಕೈಯನ್ನು ನೋಡಿದರು. ಇದು ಸುವಾರ್ತೆಗೂ ಒಪ್ಪುವ ಪರೀಕ್ಷೆಯೇ ಸರಿ. ಬಲಗೈ ಮಾಡಿದ ದಾನ ಎಡಗೈಗೆ ತಿಳಿಯಬಾರದೆಂಬ ಕಟ್ಟಳೆ ಮತ್ತಾಯನ ಗ್ರಂಥದಲ್ಲಿದೆ, ಕ್ರಿಯೆಯಿಲ್ಲದ ನಂಬಿಕೆ ಸತ್ತ ನಂಬಿಕೆಯೆಂಬ ನಿಷ್ಠುರವಾದ ಮಾತು ಯಾಕೋಬನ ಪತ್ರಿಕೆಯಲ್ಲಿದೆ.

ಆದರೆ ಈ ಆಚರಣೆಯ ಮೂಲಾದರ್ಶವನ್ನು ಹುಡುಕುವವರು ಲೂಕನ ಗ್ರಂಥದ ಸಮಾರ್ಯದವನ ಕಥೆಗೇ ಬರಬೇಕು. ಯೆರಿಕೋವಿನ ಹಾದಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಕಂಡೂ ಯಾಜಕನು ಓರೆಯಾಗಿ ಹೋದನು, ಲೇವಿಯನೂ ಹೋದನು. ಹೀನನೆನಿಸಿಕೊಂಡ ಸಮಾರ್ಯದವನೊಬ್ಬನು ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿ, ತನ್ನ ವಾಹನದ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಒಯ್ದನು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಅದರ ಉತ್ತರಾರ್ಧವೇ ಹೆಚ್ಚು ಗಹನವಾಗಿ ತೋರುತ್ತದೆ. ಮರುದಿನ ಆ ಪುಣ್ಯಾತ್ಮನು ಎರಡು ನಾಣ್ಯಗಳನ್ನು ಛತ್ರದವನ ಕೈಯಲ್ಲಿಟ್ಟು, ಹೆಚ್ಚು ವೆಚ್ಚವಾದರೆ ಹಿಂದಿರುಗಿ ಬರುವಾಗ ತೀರಿಸುವೆನೆಂದು ಹೇಳಿ ತನ್ನ ದಾರಿ ಹಿಡಿದನು. ಅಲ್ಲಿಂದ ಮುಂದೆ ಆ ಗಾಯಾಳುವಿಗೆ ಗಂಜಿ ಕುಡಿಸಿದವನು, ಕೀವು ತೊಳೆದವನು, ರಾತ್ರಿ ನರಳಿದಾಗ ಎದ್ದು ಬಂದವನು ಛತ್ರದವನಲ್ಲದೆ ಮತ್ತಾರು? ಅವನ ವಿಷಯವಾಗಿ ಕಥೆಯಲ್ಲಿ ಒಂದು ಹೊಗಳಿಕೆಯ ನುಡಿಯೂ ಇಲ್ಲ. ಇನ್ನೂ ಒಂದು ಅಂಶವನ್ನು ಗಮನಿಸಬೇಕು. ಗುಣವಾದ ಮೇಲೆ ಆ ಗಾಯಾಳು ಸಮಾರ್ಯದವರ ಮತವನ್ನು ಸೇರಿದನೇ ಇಲ್ಲವೇ ಎಂಬುದನ್ನು ಯೇಸು ಹೇಳಲಿಲ್ಲ. ಹೇಳುವ ಅಗತ್ಯವೇ ಆತನಿಗೆ ಕಾಣಲಿಲ್ಲ. ಕ್ರೈಸ್ತ ಸೇವೆಯ ಇತಿಹಾಸವನ್ನು ಅಳೆಯುವುದಕ್ಕೆ ಆ ಧರ್ಮದ ಒಳಗಿನಿಂದಲೇ ದೊರೆಯುವ ಮಾನದಂಡ ಇದಕ್ಕಿಂತ ಖಚಿತವಾದುದು ಇನ್ನೊಂದಿಲ್ಲವೆಂದು ನನ್ನ ಮತ.

ಈ ಮಾನದಂಡವನ್ನು ಹಿಡಿದು ಬಾಸೆಲ್ ಮಿಶನ್ನಿನ ಕಾರ್ಯವನ್ನು ನೋಡೋಣ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ನು ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿಯೂ, 1839ರಲ್ಲಿ ಹುಬ್ಬಳ್ಳಿಯಲ್ಲಿಯೂ, 1841ರಲ್ಲಿ ಬೆಟಗೇರಿಯಲ್ಲಿಯೂ, 1851ರಲ್ಲಿ ಗುಳೇದಗುಡ್ಡದಲ್ಲಿಯೂ ನೆಲೆಯೂರಿ, ಕಲಾದಗಿ ಜಿಲ್ಲೆಯ ಮುಖ್ಯಸ್ಥಳ ವಿಜಾಪುರಕ್ಕೆ ವರ್ಗವಾದ 1885ರ ಸುಮಾರಿಗೆ ಆ ಊರಿಗೂ ಕಾಲಿಟ್ಟಿತು. ಈ ನಡುವೆ 1876ರಿಂದ 78ರವರೆಗಿನ ಮಹಾಕ್ಷಾಮ ಬಂದು ಹೋಗಿತ್ತು. 1872ರ ಗಣತಿಯಲ್ಲಿ 8 ಲಕ್ಷವನ್ನು ಮೀರಿದ್ದ ಈ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿಯಿತು. ಸತ್ತವರೆಷ್ಟೋ, ಊರು ಬಿಟ್ಟು ಹೋದವರೆಷ್ಟೋ, ಒಟ್ಟಿನಲ್ಲಿ ಐವರಲ್ಲೊಬ್ಬರು ಇಲ್ಲವಾದರು. ಅಂತಹ ದಿನಗಳಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳನ್ನು ಮಿಶನ್ನಿನ ಅನಾಥಾಲಯಗಳು ಒಳಗೆ ಕರೆದುಕೊಂಡು ಉಣಬಡಿಸಿದುವು. ಹಸಿದ ಕೂಸಿನ ಬಾಯಿಗೆ ಅಂಬಲಿ ಹಾಕಿದವರನ್ನು, ಅವರ ಅಂತರಂಗದ ಉದ್ದೇಶವೇನಿದ್ದಿತೆಂದು ಹೊಟ್ಟೆ ತುಂಬಿದ ನಾವು ಇಂದು ಕುಳಿತು ವಿಚಾರಿಸುವಾಗ ಬಹಳ ಎಚ್ಚರದಿಂದಿರಬೇಕು. ಆದರೂ ವಿಚಾರಿಸದೆ ಬಿಡಲಾಗದು. ಅನಾಥಾಲಯದಲ್ಲಿ ಬೆಳೆದ ಮಗು ಕ್ರೈಸ್ತನಾಗಿಯೇ ಬೆಳೆಯಿತು. ಆಯ್ದುಕೊಳ್ಳುವ ಅವಕಾಶ ಅದಕ್ಕೆ ಇರಲಿಲ್ಲ. ವರ್ಷವರ್ಷದ ವರದಿಗಳಲ್ಲಿ ದೀಕ್ಷಾಸ್ನಾನವಾದವರ ಸಂಖ್ಯೆಯನ್ನು ಕೋಷ್ಟಕ ಹಾಕಿ ಸ್ವದೇಶಕ್ಕೆ ಕಳುಹಿಸಲಾಗುತ್ತಿದ್ದಿತು. ದಯೆಯ ಪಕ್ಕದಲ್ಲಿ ಲೆಕ್ಕದ ಪುಸ್ತಕವನ್ನು ಇರಿಸಿದ ಈ ಪದ್ಧತಿ ಸಮಾರ್ಯದವನ ಕಥೆಗೆ ಹೊಂದತಕ್ಕುದಲ್ಲ.

ಇನ್ನೊಂದು ದೋಷವೆಂದರೆ ಮತಾಂತರವಾದವರು ಗೋಡೆಯೊಳಗೆ ಒಟ್ಟಾಗಿ ಬಾಳಿದ ಮಿಶನ್ ಕಂಪೌಂಡು. ಮತಾಂತರವಾದವನನ್ನು ಮನೆಯವರು ಹೊರಹಾಕಿದರು, ಜಾತಿಯವರು ಕಸುಬನ್ನು ಕಿತ್ತುಕೊಂಡರು. ಅಂತಹವನಿಗೆ ಅನ್ನದ ದಾರಿ ತೋರಿಸಲೆಂದು ಮಿಶನ್ನು ಮಗ್ಗಗಳನ್ನು ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಇದು ವಿವೇಕದ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಜಾತಿಭೇದವನ್ನು ಒಳಗೆ ಬಿಟ್ಟುಕೊಳ್ಳದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ದುಡಿಯಲು ಕೂರಿಸಿದ ಧೈರ್ಯವೂ ಸ್ತುತ್ಯರ್ಹವೇ. ಆದರೆ ಉಣಿಸುವವನು, ಕೆಲಸ ಕೊಡುವವನು, ಪ್ರಾರ್ಥನೆ ನಡೆಸುವವನು, ತಪ್ಪಿಗೆ ಶಿಕ್ಷೆ ವಿಧಿಸುವವನು ಎಲ್ಲರೂ ಒಬ್ಬನೇ ಆದಾಗ ಪ್ರೀತಿಗೂ ಅಧಿಕಾರಕ್ಕೂ ನಡುವಣ ಗೆರೆ ಅಳಿಸಿಹೋಗುತ್ತದೆ. ಕಂಪೌಂಡಿನ ಗೋಡೆ ಒಳಗಿನವರನ್ನು ಕಾಪಾಡಿತು. ಊರಿನ ಸುಖದುಃಖಗಳಿಂದ ಅವರನ್ನು ಬೇರ್ಪಡಿಸಿಯೂ ಬಿಟ್ಟಿತು. ನೆರೆಮನೆಯವನಿಗೆ ಮಾಡಬೇಕಾದ ಸೇವೆಗೆ ನೆರೆಮನೆಯೇ ಇಲ್ಲದಂತಾಯಿತು.

ಗೋಡೆಯ ಹೊರಗೆ ಬಂದು ಈ ಶ್ರದ್ಧೆ ತನ್ನ ನಿಜವಾದ ಎತ್ತರವನ್ನು ಮುಟ್ಟಿದುದು ದವಾಖಾನೆಗಳಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರರ ಹೆಸರು ಕರಾವಳಿಯಲ್ಲಿ ಮನೆಮಾತಾಗಿದೆ. ನಮ್ಮ ಭಾಗದವರಿಗೆ ಇದ್ದ ಆಸರೆಗಳು ಎರಡು. ಗದಗ ರೈಲು ಹತ್ತಿದವರು ಬೆಟಗೇರಿಯಲ್ಲಿದ್ದ ಬಾಸೆಲ್ ಮಿಶನ್ನಿನ ‘ಜರ್ಮನ್ ದವಾಖಾನೆ’ಗೆ ಹೋಗುತ್ತಿದ್ದರು; ಜಮಖಂಡಿ, ಅಥಣಿಗಳ ದಾರಿ ಹಿಡಿದವರು ಮಿರಜಿಗೆ ಹೋಗುತ್ತಿದ್ದರು. ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಬಂದು ತಡೆದು ನಿಲ್ಲುವ ಕೃಷ್ಣೆಯೇ ಮೇಲೆ ಮಿರಜಿನ ಬಳಿ ಹರಿಯುವವಳು. ಅಲ್ಲಿ ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್‌ಲೆಸ್ ಎಂಬ ವೈದ್ಯರು ಅಮೇರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ 1894ರಲ್ಲಿ ಆಸ್ಪತ್ರೆಯನ್ನು ತೆರೆದರು. ಮರಾಠಿಗರೂ ಕನ್ನಡಿಗರೂ ಬೆರೆತು ಬಾಳುವ ಆ ಸೀಮೆಯಲ್ಲಿ ರೋಗಿಯ ಭಾಷೆಯನ್ನಾಗಲಿ ಮತವನ್ನಾಗಲಿ ಕೇಳದೆ ಶಸ್ತ್ರಚಿಕಿತ್ಸೆ ಮಾಡಿದರು. ಕುಷ್ಠರೋಗಿಗಳಿಗೂ ಪ್ರತ್ಯೇಕವಾದ ಆಶ್ರಯವನ್ನು ಕಟ್ಟಿದರು. ಡಾಕ್ಟರರ ಕೀರ್ತಿ ದೊಡ್ಡದು, ಅದು ಸಲ್ಲಬೇಕಾದವರಿಗೇ ಸಂದಿದೆ. ನಾನು ಹೇಳಬೇಕೆಂದಿರುವುದು ಅವರ ಹಿಂದೆ ನಿಂತವರ ವಿಷಯ.

ಶುಶ್ರೂಷೆಯೆಂಬುದು ಆ ಕಾಲದಲ್ಲಿ ಮಾನವಂತರ ಕೆಲಸವೆಂದು ಎಣಿಕೆಯಾಗಿರಲಿಲ್ಲ. ಪರರ ಮಲಮೂತ್ರಗಳನ್ನು ಮುಟ್ಟುವುದಕ್ಕೆ, ಪರಪುರುಷರ ಹುಣ್ಣನ್ನು ತೊಳೆಯುವುದಕ್ಕೆ ಮೇಲುಜಾತಿಯ ಮನೆಗಳಿಂದ ಹೆಣ್ಣುಮಕ್ಕಳು ಬರುತ್ತಿರಲಿಲ್ಲ, ಕಳುಹಿಸುವವರೂ ಇರಲಿಲ್ಲ. ಆ ಕೆಲಸಕ್ಕೆ ಮೊದಲು ಕೈಹಾಕಿದವರಲ್ಲಿ ಬಹುಮಂದಿ ಕ್ರೈಸ್ತ ಹುಡುಗಿಯರು. ತೊಡೆಯ ಎಲುಬು ಮುರಿದು ತಿಂಗಳುಗಟ್ಟಲೆ ಮಲಗಿದ ಮುದುಕಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅವಳ ಪ್ರಾಣಕ್ಕೆ ದೊಡ್ಡ ಅಪಾಯವಿರುವುದು ಮುರಿದ ಎಲುಬಿಗಿಂತಲೂ ಬೆನ್ನಿನಲ್ಲಿ ಏಳುವ ಹುಣ್ಣಿನಿಂದ. ಎರಡು ತಾಸಿಗೊಮ್ಮೆ ಅವಳನ್ನು ಮಗ್ಗುಲು ಹೊರಳಿಸಬೇಕು. ಹಾಸಿಗೆಯ ಬಟ್ಟೆಯಲ್ಲಿ ಒಂದು ಮಡಿಕೆಯೂ ಉಳಿಯದಂತೆ ಎಳೆದು ಕಟ್ಟಬೇಕು. ಬೆನ್ನನ್ನು ಸಾಬೂನಿನಿಂದ ತೊಳೆದು, ಒರಸಿ, ಆ ಕಾಲದ ಪದ್ಧತಿಯಂತೆ ಸ್ಪಿರಿಟ್ಟು ತಿಕ್ಕಿ, ಪುಡಿ ಉದುರಿಸಬೇಕು. ರಾತ್ರಿ ಹನ್ನೆರಡಕ್ಕೂ ಇದೇ, ಎರಡಕ್ಕೂ ಇದೇ, ನಾಲ್ಕಕ್ಕೂ ಇದೇ. ಒಂದು ಸರದಿ ತಪ್ಪಿದರೆ ಮರುದಿನ ಚರ್ಮ ಕೆಂಪಾಗುತ್ತದೆ, ಕೆಲವು ದಿನಗಳಲ್ಲಿ ಒಡೆಯುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಹುಣ್ಣು ಏಳುವುದಿಲ್ಲ. ಏಳದ ಹುಣ್ಣಿಗಾಗಿ ಕೃತಜ್ಞತೆ ಹೇಳುವವರು ಯಾರೂ ಇರುವುದಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಜೋಳದ ರೊಟ್ಟಿಯ ಬುತ್ತಿ ಬಿಚ್ಚಿಕೊಂಡು ಕುಳಿತ ಬಂಧುಗಳಿಗೆ ಆಪರೇಶನ್ ಮಾಡಿದ ಸಾಹೇಬರ ಹೆಸರು ಜೀವಮಾನವೆಲ್ಲ ನೆನಪಿರುತ್ತದೆ. ಮಗ್ಗುಲು ಹೊರಳಿಸಿದವಳು ಅವರ ಪಾಲಿಗೆ ಬರಿಯ ‘ಸಿಸ್ಟರು’. ಲೂಕನ ಕಥೆಯ ಛತ್ರದವನು ಇವಳೇ. ಕ್ರೈಸ್ತ ಶ್ರದ್ಧೆಯ ಅತ್ಯಂತ ಶುದ್ಧವಾದ ಪ್ರಕಟನೆ ನಮ್ಮ ಸೀಮೆಯಲ್ಲಿ ಆದುದು ಇಲ್ಲಿಯೇ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆಕ್ಷೇಪಣೆಯ ಮಾತನ್ನೂ ಕೇಳಬೇಕು. ಕೈಯಲ್ಲಿ ಔಷಧ, ಬಾಯಲ್ಲಿ ಮತಬೋಧೆ ಎಂಬ ಜೋಡಣೆಯನ್ನು ಗಾಂಧೀಜಿಯವರು 1930ರ ದಶಕದಲ್ಲಿ ಬಿಚ್ಚುಮಾತಿನಲ್ಲಿ ಖಂಡಿಸಿದರು. ಸೇವೆ ಸೇವೆಗಾಗಿಯೇ ಇರಲಿ ಎಂಬುದು ಅವರ ವಾದ. ಈ ಇಕ್ಕಟ್ಟನ್ನು ತಮ್ಮ ಬಾಳಿನಲ್ಲಿಯೇ ಅನುಭವಿಸಿದವರು ಪಂಡಿತಾ ರಮಾಬಾಯಿ. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿ, ಕ್ಷಾಮದಲ್ಲಿ ತಂದೆತಾಯಿಯರನ್ನು ಕಳೆದುಕೊಂಡು, ಬಳಿಕ ಕ್ರೈಸ್ತರಾದ ಈ ವಿದುಷಿ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಾಗ ಮತಬೋಧೆ ಮಾಡುವುದಿಲ್ಲವೆಂಬ ಭರವಸೆಯನ್ನು ಕೊಟ್ಟಿದ್ದರು. ಆದರೆ ಅಲ್ಲಿನ ಕೆಲವು ಹುಡುಗಿಯರು ಅವರ ಪ್ರಾರ್ಥನೆಯ ಕಡೆಗೆ ಒಲಿದಾಗ 1893ರಲ್ಲಿ ಸಲಹಾ ಮಂಡಲಿಯ ಹಿಂದೂ ಸದಸ್ಯರು ಹೊರನಡೆದರು, ಪುಣೆಯ ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ಬಾಗಿಲು ತೆರೆದಿಟ್ಟುಕೊಂಡು ಪ್ರಾರ್ಥಿಸಿದುದು ಬೋಧೆಯೇ, ಅಲ್ಲವೇ ಎಂಬ ಪ್ರಶ್ನೆಗೆ ಎರಡು ಪಕ್ಷದವರ ಉತ್ತರವೂ ಇಂದಿನವರೆಗೆ ನನಗೆ ಪೂರ್ಣ ಸಮಾಧಾನ ತಂದಿಲ್ಲ. ಆದರೆ ನಮ್ಮ ನೆರೆಯ ಕಲಬುರ್ಗಿಯಲ್ಲಿ 1912ರಲ್ಲಿ ಅವರು ಮಗಳು ಮನೋರಮಾ ಅವರೊಡನೆ ಹೈಸ್ಕೂಲನ್ನು ತೆರೆದುದು ಯಾರಿಗೂ ಬೇಡವಾಗಿದ್ದ ಹಿಂದುಳಿದ ಸೀಮೆಯೊಂದರ ಮೇಲಣ ಕಾಳಜಿಯಿಂದ ಎಂಬುದನ್ನು ಒಪ್ಪದವರು ನ್ಯಾಯ ತಪ್ಪುತ್ತಾರೆ.

ಗಾಂಧೀಜಿಯವರ ಆಕ್ಷೇಪ ಉಪದೇಶಕನಿಗೆ ತಗಲುತ್ತದೆ, ಕೋಷ್ಟಕ ಬರೆದವನಿಗೆ ತಗಲುತ್ತದೆ; ರಾತ್ರಿ ಎರಡು ಗಂಟೆಗೆ ಮುದುಕಿಯ ಬೆನ್ನು ತೊಳೆಯುವವಳಿಗೆ ತಗಲುವುದಿಲ್ಲ. ಅವಳು ನಂಬಿದ ದೇವರು ಶಿಷ್ಯರ ಪಾದಗಳನ್ನು ತೊಳೆದ ದೇವರು. ಆ ನಂಬಿಕೆಯಿಂದಲೇ ಅವಳಿಗೆ ಎದ್ದು ಬರುವ ಶಕ್ತಿ ಒದಗಿದುದಾದರೆ, ಅದನ್ನು ಅಡಗಿಸಿಡಬೇಕೆನ್ನುವುದು ಹೇಗೆ ಅನ್ಯಾಯವೋ, ಮುದುಕಿಯಿಂದ ಅದಕ್ಕೆ ಪ್ರತಿಫಲ ಬಯಸುವುದೂ ಹಾಗೆಯೇ ಅನ್ಯಾಯ. ವಿಜಾಪುರ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಎಂದೂ ದೊಡ್ಡದಾಗಲಿಲ್ಲ. ವರದಿ ಬರೆದವರಿಗೆ ಇದು ಸೋಲಾಗಿ ಕಂಡಿರಬಹುದು. ನನಗಾದರೋ ಇದೇ ಆ ಸೇವೆಯ ಅತ್ಯುತ್ತಮ ಪ್ರಮಾಣಪತ್ರ; ಫಲ ಕಾಣದ ನೆಲದಲ್ಲಿಯೂ ಶಾಲೆ ಮುಚ್ಚಲಿಲ್ಲ, ದವಾಖಾನೆಯ ಬಾಗಿಲು ಹಾಕಲಿಲ್ಲ.

ಇಂದು ಈ ಆಚರಣೆಗೆ ಇಲ್ಲಿ ಕೆಲಸವಿಲ್ಲವೆಂದು ಯಾರೂ ತಿಳಿಯಬಾರದು. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿಯ ಅಣೆಕಟ್ಟು ಪೂರ್ಣವಾಗುವ ವೇಳೆಗೆ ನದೀತೀರದ ಎಷ್ಟೋ ಊರುಗಳು ನೀರಿನಡಿ ಸೇರಿದುವು. ತಲೆಮಾರುಗಳಿಂದ ಒಂದೇ ಓಣಿಯಲ್ಲಿ ಬಾಳಿದವರು ಬೇರೆ ಬೇರೆ ಪುನರ್ವಸತಿ ಕೇಂದ್ರಗಳಿಗೆ ಚದುರಿಹೋದರು. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಮಳೆ ಹೋದ ವರ್ಷ ಪ್ರಾಯದವರೆಲ್ಲ ಗೋವೆಗೋ ಪುಣೆಗೋ ಗುಳೆ ಹೊರಟರೆ, ಹಿಂದೆ ಉಳಿಯುವ ಮುದುಕರಿಗೆ ಕೊಡ ನೀರು ತಂದುಕೊಡುವವರು, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಹೊತ್ತಿಗೆ ನೆನಪಿಸುವವರು ಬೇಕು. ಇದಕ್ಕೆ ವಿದೇಶದ ಹಣ ಬೇಡ, ಕಟ್ಟಡ ಬೇಡ, ವಾರಕ್ಕೆರಡು ಸಲ ಆ ಹೊಸ್ತಿಲಿಗೆ ಹೋಗಿ “ಯವ್ವಾ, ಊಟ ಆತೇನು?” ಎಂದು ಕೇಳುವ ಮನಸ್ಸು ಬೇಕು. ಕಂಪೌಂಡಿನ ಗೋಡೆಗಳು ಬಹುಮಟ್ಟಿಗೆ ಬಿದ್ದುಹೋಗಿರುವ ಈ ಕಾಲದಲ್ಲಿ ಕ್ರೈಸ್ತ ಸಭೆಗಳು ಈ ಕೆಲಸಕ್ಕೆ ಹಿಂದೆಂದಿಗಿಂತ ಸ್ವತಂತ್ರವಾಗಿವೆ. ದಾಸೋಹದ ಮನೆಯವರು ಜೊತೆಗೂಡಿದರೆ ಇಬ್ಬರಿಗೂ ನಷ್ಟವಿಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಬೆಟಗೇರಿಯಲ್ಲಿ, ಮಿರಜಿನಲ್ಲಿ ದುಡಿದು ನಿವೃತ್ತರಾಗಿ ಈಗ ನಮ್ಮ ಜಿಲ್ಲೆಗಳ ಮನೆಗಳಲ್ಲಿ ವೃದ್ಧಾಪ್ಯವನ್ನು ಕಳೆಯುತ್ತಿರುವ ಸಿಸ್ಟರುಗಳೂ ಆಯಾಗಳೂ ಮಿಶನ್ ಶಾಲೆಯ ಅಕ್ಕೋರುಗಳೂ ಇನ್ನೂ ಕೆಲವರು ಇದ್ದಾರೆ. ಸಂಸ್ಥಾಪಕರ ಚರಿತ್ರೆಗಳು ಸಾಕಷ್ಟು ಬಂದಿವೆ. ಇವರ ಮುಂದೆ ಕುಳಿತು, ಇವರ ನೆನಪುಗಳನ್ನು ಇವರ ಮಾತಿನಲ್ಲಿಯೇ ಬರೆದುಕೊಳ್ಳುವ ಕೆಲಸವನ್ನು ನಮ್ಮ ಕಾಲೇಜುಗಳ ತರುಣರು ತಡಮಾಡದೆ ಕೈಗೊಳ್ಳಲಿ.