ಗಾಜಿನ ನಳಿಕೆ ಮತ್ತು ತುಮಕೂರಿನ ಹಳ್ಳಿ: ಎರಡು ಕ್ಷಯ ಸಂಶೋಧನೆಗಳ ವಿಮರ್ಶೆ

ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಔಷಧಗಳ ಆವಿಷ್ಕಾರವನ್ನೇ ಅನುಕ್ರಮವಾಗಿ ನಿರೂಪಿಸುವರು. ಈ ಪದ್ಧತಿಯು ಎಷ್ಟರಮಟ್ಟಿಗೆ ಸಾಲುವುದೆಂಬುದನ್ನು ಪರೀಕ್ಷಿಸಲು ನಾವಿಲ್ಲಿ ಎರಡು ಲೇಖನಗಳನ್ನು ಜೊತೆಗಿಟ್ಟು ನೋಡುವೆವು. ಒಂದು, 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಯೂಗೊನೆ, ಬ್ಲಾಂಚರ್ಡ್ ಮೊದಲಾದವರು ಪ್ರಕಟಿಸಿದುದು. ಮತ್ತೊಂದು, 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ನಿನಲ್ಲಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಪ್ರಕಟಿಸಿದುದು. ಎರಡನೆಯದರ ಕ್ಷೇತ್ರವು ತುಮಕೂರು ಜಿಲ್ಲೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಸೇರಿದ ಜಿಲ್ಲೆ.

ಮೊದಲನೆಯ ಲೇಖನದ ತಿರುಳು ಹೀಗಿದೆ. ಪೆನಿಸಿಲಿನ್ ವರ್ಗದ ಪ್ರತಿಜೀವಕಗಳು ರೋಗಾಣುವಿನ ಕೋಶಭಿತ್ತಿಯ ರಚನೆಯನ್ನು ತಡೆಯುವುವು. ಕ್ಷಯದ ರೋಗಾಣುವಾದರೋ ಅವುಗಳನ್ನು ಒಡೆಯುವ ಕಿಣ್ವವೊಂದನ್ನು ತಾನೇ ಉತ್ಪಾದಿಸುವುದು. ಆದುದರಿಂದ ಈ ವರ್ಗದ ಔಷಧಗಳು ಕ್ಷಯಕ್ಕೆ ನಿಷ್ಪ್ರಯೋಜಕವೆಂದು ಬಹುಕಾಲ ಭಾವಿಸಲಾಗಿತ್ತು. ಕ್ಲಾವುಲಾನಿಕ್ ಆಮ್ಲವೆಂಬ ಪ್ರತಿಬಂಧಕವು ಆ ಕಿಣ್ವವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುವುದು. ಅದರ ಜೊತೆಗೆ ಮೆರೊಪೆನೆಮ್ ಸೇರಿದಾಗ, ಬಹುತೇಕ ಔಷಧಗಳಿಗೆ ಜಗ್ಗದ 13 ತಳಿಗಳೂ ಪ್ರಯೋಗಶಾಲೆಯಲ್ಲಿ ಮಣಿದುವು. ಒಂದು ಕಾವಲುಗಾರನನ್ನು ಕಟ್ಟಿಹಾಕುವನು, ಇನ್ನೊಂದು ಒಳನುಗ್ಗುವುದು ಎಂಬಂತೆ ಈ ಜೋಡಿಯ ಕಾರ್ಯ. ವಾದವು ಸ್ಪಷ್ಟ, ಪ್ರಯೋಗವು ಅಚ್ಚುಕಟ್ಟು.

ಆದರೆ ನಳಿಕೆಯು ದೇಹವಲ್ಲ. ದೇಹದಲ್ಲಿ ಈ ಎರಡು ದ್ರವ್ಯಗಳ ಪ್ರಮಾಣವೂ ಸುಮಾರು ಒಂದು ಗಂಟೆಯೊಳಗೆ ಅರ್ಧಕ್ಕಿಳಿಯುವುದು. ಆದುದರಿಂದ ಮೆರೊಪೆನೆಮ್ ಅನ್ನು ದಿನಕ್ಕೆ ಹಲವು ಬಾರಿ ರಕ್ತನಾಳದ ಮೂಲಕ ಕೊಡಬೇಕಾಗುವುದು. ಕ್ಲಾವುಲಾನಿಕ್ ಆಮ್ಲವನ್ನು ಅಮಾಕ್ಸಿಸಿಲಿನ್ ಜೊತೆಗೂಡಿದ ಮಾತ್ರೆಯಿಂದ ಒದಗಿಸಬೇಕಾಗುವುದು. 2016ರಲ್ಲಿ ದಕ್ಷಿಣ ಆಫ್ರಿಕದ ರೋಗಿಗಳಲ್ಲಿ 14 ದಿನಗಳ ಪರೀಕ್ಷೆಯು ಈ ಕ್ರಮದಿಂದ ಕಫದ ರೋಗಾಣುಗಳು ಕಡಿಮೆಯಾಗುವುದನ್ನು ತೋರಿಸಿತು. ಇದು ಗಣ್ಯವಾದ ಫಲವೇ. ಆದರೂ ಆಂಧ್ರಪ್ರದೇಶದಿಂದ ಬಹುಪಾಲು ಸುತ್ತುವರಿಯಲ್ಪಟ್ಟು, ಜಿಲ್ಲಾ ಕೇಂದ್ರದಿಂದ ದೂರವಿರುವ ಪಾವಗಡದ ಕೂಲಿಯವನೊಬ್ಬನು ತಿಂಗಳುಗಟ್ಟಲೆ ದಿನಕ್ಕೆ ಮೂರು ಬಾರಿ ಸೂಜಿಗೆ ತೋಳೊಡ್ಡುವುದು ಹೇಗೆ ಎಂಬ ಪ್ರಶ್ನೆಗೆ ನಳಿಕೆಯಲ್ಲಿ ಉತ್ತರವಿಲ್ಲ.

ಎರಡನೆಯ ಲೇಖನವು ಆರಂಭವಾಗುವುದು ಇಲ್ಲಿಯೇ. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ನಡೆಸಿತು. ಅಲ್ಲಿ ಪತ್ತೆಯಾದ ರೋಗಿಗಳನ್ನು ಬ್ಯಾನರ್ಜಿ, ಆಂಡರ್ಸನ್ನರು ಮಾತನಾಡಿಸಿದರು. ಹಳ್ಳಿಗನು ಅಜ್ಞಾನಿ, ತನ್ನ ರೋಗವನ್ನು ತಾನರಿಯನು ಎಂಬ ಪೂರ್ವಗ್ರಹವು ಆ ವಿಚಾರಣೆಯಲ್ಲಿ ಕುಸಿದುಬಿದ್ದಿತು. ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಸುಮಾರು ಅರ್ಧದಷ್ಟು ಮಂದಿ ಆಗಲೇ ಚಿಕಿತ್ಸಾಲಯಗಳಿಗೆ ಹೋಗಿದ್ದರು. ಕೆಮ್ಮಿನ ಔಷಧದ ಸೀಸೆಯೊಡನೆ ಹಿಂದಿರುಗುವುದೇ ಅಂಥವರಿಗೆ ಸಾಮಾನ್ಯ ಅನುಭವವಾಗಿದ್ದಿತು. ಕೊರತೆಯಿದ್ದುದು ರೋಗಿಯಲ್ಲಿ ಅಲ್ಲ, ಅವನನ್ನು ಎದುರುಗೊಂಡ ವ್ಯವಸ್ಥೆಯಲ್ಲಿ. ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫ ಪರೀಕ್ಷೆ, ಮನೆಯಲ್ಲಿಯೇ ಚಿಕಿತ್ಸೆ ಎಂಬ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತತ್ತ್ವಕ್ಕೆ ಈ ಶೋಧನೆಯು ಆಧಾರವಾಯಿತು.

ಈ ಲೇಖನಕ್ಕೂ ಒಂದು ಎಲ್ಲೆಯುಂಟು. ಅದು ರೋಗಿಯನ್ನು ಆಸ್ಪತ್ರೆಯ ಬಾಗಿಲವರೆಗೆ ಹಿಂಬಾಲಿಸುವುದು. ಚಿಕಿತ್ಸೆಯು ನಡುವೆ ತುಂಡಾದಾಗ ಏನಾಗುವುದೆಂಬುದು ಅದರ ವಿಷಯವಲ್ಲ. ನಿರೋಧ ಪಡೆದ ತಳಿಗಳು ಬಲಿಯುವುದಾದರೋ ಬಹುಮಟ್ಟಿಗೆ ಆ ನಡುದಾರಿಯಲ್ಲಿಯೇ. ಹೀಗೆ 1963ರ ಲೇಖನವು ಎಲ್ಲಿ ನಿಲ್ಲುವುದೋ ಅದರ ಮುಂದಿನ ದುರಂತದ ಫಲವನ್ನು 2009ರ ಲೇಖನವು ನಳಿಕೆಯಲ್ಲಿ ಎತ್ತಿಕೊಳ್ಳುವುದು. ನಡುವಣ ಅಧ್ಯಾಯವನ್ನು ಬರೆಯಬೇಕಾದವನು ಚರಿತ್ರಕಾರ.

ಔಷಧ ನಿರೋಧಕ ಕ್ಷಯಕ್ಕೆ ಬೆಡಾಕ್ವಿಲಿನ್ ಮೊದಲಾದ ನಾಲ್ಕು ಔಷಧಗಳ ಆರು ತಿಂಗಳ ಕ್ರಮವನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿತು. 2024ರಲ್ಲಿ ಭಾರತ ಸರ್ಕಾರವು ಅನುಮೋದಿಸಿತು. ಅದರ ಹಿರಿಮೆಯು ರೋಗಾಣುನಾಶದಲ್ಲಿ ಮಾತ್ರವಿಲ್ಲ. ಅದೆಲ್ಲವೂ ನುಂಗುವ ಮಾತ್ರೆ ಎಂಬುದರಲ್ಲಿಯೂ ಇದೆ. ಮೆರೊಪೆನೆಮ್ ಜೋಡಿಯಾದರೋ ಬೇರೆ ದಾರಿಗಳು ಮುಚ್ಚಿದಾಗ ಬಳಸುವ ಮೀಸಲು ಪಡೆಯಾಗಿ ಉಳಿದಿದೆ.

ಆದುದರಿಂದ ವಿದ್ಯಾರ್ಥಿಗಳು ಪ್ರಯೋಗಶಾಲೆಯ ಯಾವ ಫಲಿತಾಂಶವನ್ನು ಓದಿದರೂ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕೆಂದು ನಮ್ಮ ಅಭಿಪ್ರಾಯ: ರೋಗಾಣು ಸತ್ತಿತೇ? ಔಷಧವು ಸಿರಾದ ಹಳ್ಳಿಯ ರೋಗಿಯ ಕೈಗೆ ಕೊನೆಯ ದಿನದವರೆಗೂ ತಲಪಿತೇ? ಮೊದಲನೆಯದನ್ನು ಮಾತ್ರ ದಾಖಲಿಸುವ ಚರಿತ್ರೆಯು ಅರ್ಧ ಚರಿತ್ರೆ.