ಅಂಕಿ ನೋಡಿ ಔಷಧಿ ಹಾಕುವವರು

ಮನೆಯಲ್ಲಿ ರೀಫ್ ಟ್ಯಾಂಕ್ ಇಟ್ಟವರು ಹವಳ ಸ್ವಲ್ಪ ಮುದುಡಿದರೂ ಟೆಸ್ಟ್ ಕಿಟ್ ತೆಗೆಯುತ್ತಾರೆ. ಯಾವುದು ಕಡಿಮೆ ಬಂತೋ ಅದರ ಬಾಟಲಿ ಹುಡುಕಿ ತೊಟ್ಟಿಗೆ ಸುರಿಯುತ್ತಾರೆ. ಬಂದ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡು ಅವು ಒಂದಕ್ಕೊಂದು ಏನು ಹೇಳುತ್ತಿವೆ ಎಂದು ಹತ್ತು ನಿಮಿಷ ಯೋಚಿಸುವ ಕೆಲಸ ಮಾತ್ರ ನಡೆಯುವುದಿಲ್ಲ. ಉಪ್ಪುನೀರಿನ ತೊಟ್ಟಿ ಸಾಕುವ ಹವ್ಯಾಸದಲ್ಲಿ ಇಂದು ಉಪಕರಣಗಳಿಗೆ ಬರವಿಲ್ಲ, ಮಾಹಿತಿಗೂ ಇಲ್ಲ. ಆದರೂ ಪ್ರತಿ ಅಂಕಿಯನ್ನೂ ಒಂಟಿಯಾಗಿ ನೋಡಿ ಚಿಕಿತ್ಸೆ ಮಾಡುವ ರೂಢಿ ಬೇರೂರಿಬಿಟ್ಟಿದೆ. ನನ್ನ ಪ್ರಕಾರ ಹವಳಗಳನ್ನು ಕೊಲ್ಲುವುದರಲ್ಲಿ ರೋಗಕ್ಕಿಂತ ಈ ರೂಢಿಯ ಕೈ ದೊಡ್ಡದು.

ಒಂದು ವರದಿ ಹೀಗಿದೆ ಎಂದುಕೊಳ್ಳಿ: ಕ್ಯಾಲ್ಸಿಯಂ ಲೀಟರಿಗೆ 380 ಮಿಲಿಗ್ರಾಂ, ಮೆಗ್ನೀಸಿಯಂ 1180. ಎರಡೂ ಕಡಿಮೆ, ಹಾಗಾಗಿ ಎರಡು ಬಾಟಲಿ ಎನ್ನುವುದು ಸಾಮಾನ್ಯ ತೀರ್ಪು. ಆದರೆ ಸಾವಿರಕ್ಕೆ 35 ಭಾಗ ಉಪ್ಪಿರುವ ಸಹಜ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 415, ಮೆಗ್ನೀಸಿಯಂ ಸುಮಾರು 1290 ಇರುತ್ತದೆ. ಇಲ್ಲಿ ಎರಡೂ ಶೇ. 8ರಷ್ಟು, ಒಂದೇ ಪ್ರಮಾಣದಲ್ಲಿ ಇಳಿದಿವೆ. ಅಂದರೆ ಕೊರತೆ ಇರುವುದು ಬಹುಪಾಲು ಉಪ್ಪಿನದೇ. ನೀರು 32ರ ಆಸುಪಾಸಿನಲ್ಲಿದೆ. ಉಪ್ಪು ಹೇಗೆ ಕಡಿಮೆಯಾಯಿತು? ಪ್ರೋಟೀನ್ ಸ್ಕಿಮ್ಮರ್ ದಿನವೂ ಒಂದಿಷ್ಟು ಉಪ್ಪುನೀರನ್ನು ಹೊರಗೆಳೆಯುತ್ತದೆ, ತೊಟ್ಟಿಗೆ ತಾನಾಗಿ ನೀರು ತುಂಬುವ ಯಂತ್ರ ಆ ಜಾಗಕ್ಕೆ ಸಿಹಿನೀರು ಬಿಡುತ್ತದೆ. ಅಥವಾ ಅಳೆಯುವ ಉಪಕರಣವೇ ಸುಳ್ಳು ಹೇಳುತ್ತಿರಬಹುದು. ಮುಳ್ಳು ತೂಗುವ ಅಗ್ಗದ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿಕೊಂಡರೆ ಸಾಕು, ಅದು ಮೇಲೆದ್ದು ಉಪ್ಪು ಹೆಚ್ಚಿದೆ ಎಂದು ತೋರಿಸುತ್ತದೆ. ಯಜಮಾನ ಅದನ್ನು ನಂಬಿ ಸಿಹಿನೀರು ಸೇರಿಸುತ್ತಾನೆ. ರಿಫ್ರಾಕ್ಟೋಮೀಟರ್ ಇದ್ದವರೂ ಶುದ್ಧ ನೀರಿಟ್ಟು ಸೊನ್ನೆಗೆ ಹೊಂದಿಸಿ ನಿಶ್ಚಿಂತರಾಗುತ್ತಾರೆ. ಸೊನ್ನೆಯಲ್ಲಿ ಸರಿಯಿದ್ದದ್ದು 35ರಲ್ಲೂ ಸರಿಯಿರಬೇಕೆಂದಿಲ್ಲ. ಹೊಂದಿಸಬೇಕಾದದ್ದು 35ರ ದ್ರಾವಣ ಹಾಕಿ.

ಇನ್ನೊಂದು ಸಾಮಾನ್ಯ ಗೋಳು, ಆಲ್ಕಲಿನಿಟಿ ದಿನವೂ ಇಳಿಯುತ್ತದೆ, ಕ್ಯಾಲ್ಸಿಯಂ ಅಲುಗುವುದೇ ಇಲ್ಲ ಎನ್ನುವುದು. ಇದಕ್ಕೆ ಎಲ್ಲೋ ನಿಗೂಢ ಸೋರಿಕೆ ಹುಡುಕುವವರಿದ್ದಾರೆ. ವಾಸ್ತವದಲ್ಲಿ ಹವಳ ತನ್ನ ಅಸ್ಥಿಪಂಜರ ಕಟ್ಟುವಾಗ ಎರಡನ್ನೂ ನಿಗದಿತ ಅನುಪಾತದಲ್ಲಿಯೇ ತೆಗೆದುಕೊಳ್ಳುತ್ತದೆ: 2.8 ಡಿಕೆಎಚ್ ಆಲ್ಕಲಿನಿಟಿಗೆ ಸುಮಾರು 20 ಮಿಲಿಗ್ರಾಂ ಕ್ಯಾಲ್ಸಿಯಂ. ಸಮುದ್ರದಲ್ಲಿ ಆಲ್ಕಲಿನಿಟಿ ಇರುವುದೇ 7 ಡಿಕೆಎಚ್ ಆಸುಪಾಸು, ಅದರಲ್ಲಿ 2.8 ಹೋದರೆ ಶೇ. 40 ಖಾಲಿ. ಅಷ್ಟೇ ಹೊತ್ತಿನಲ್ಲಿ 415ರಲ್ಲಿ 20 ಹೋದರೆ ಶೇ. 5 ಕೂಡ ಅಲ್ಲ. ಗುಲಾಬಿ ಬಣ್ಣ ನೀಲಿಗೆ ತಿರುಗುವ ಆ ಕೊನೆಯ ಹನಿಯನ್ನು ಕಣ್ಣಳತೆಯಲ್ಲಿ ಹಿಡಿಯುವ ಕಿಟ್‌ಗೆ ಅಷ್ಟು ವ್ಯತ್ಯಾಸ ಕಾಣುವುದು ಕಷ್ಟ. ರಸಾಯನಶಾಸ್ತ್ರಜ್ಞ ರ‍್ಯಾಂಡಿ ಹೋಮ್ಸ್-ಫಾರ್ಲಿ ಈ ಲೆಕ್ಕವನ್ನು ಹವ್ಯಾಸಿಗಳಿಗಾಗಿ ಸಾಲು ಸಾಲು ಲೇಖನಗಳಲ್ಲಿ ಬಿಡಿಸಿಟ್ಟಿದ್ದಾರೆ. ಅಡುಗೆ ಸೋಡಾ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ ಮನೆಯಲ್ಲೇ ದ್ರಾವಣ ಮಾಡಿಕೊಳ್ಳುವ ಅವರ ವಿಧಾನ ದುಬಾರಿ ಬಾಟಲಿಗಳ ಜರೂರನ್ನೇ ತಗ್ಗಿಸಿತು. ಈ ಹವ್ಯಾಸಕ್ಕೆ ಸಿಕ್ಕ ಅತ್ಯಂತ ಉಪಯುಕ್ತ ಬರವಣಿಗೆ ಅದೇ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಕ್ಯಾಲ್ಸಿಯಂ, ಆಲ್ಕಲಿನಿಟಿ ಎರಡನ್ನೂ ಎಷ್ಟು ಸುರಿದರೂ ಏರದಿದ್ದರೆ ತೊಟ್ಟಿಯ ಹೀಟರ್ ಎತ್ತಿ ನೋಡಬೇಕು. ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿದವರಿಗೆ ಪರಿಚಯವಿರುವ ಬಿಳಿ ಹೊಪ್ಪಳೆಯೇ ಅಲ್ಲೂ ಕಟ್ಟಿರುತ್ತದೆ. ಸುರಿದದ್ದೆಲ್ಲ ಹವಳಕ್ಕೆ ಹೋಗದೆ ಕಂಬಿಗೂ ಪಂಪಿನ ಚಕ್ರಕ್ಕೂ ಮೆತ್ತಿಕೊಂಡಿದೆ. ಮೆಗ್ನೀಸಿಯಂ ಸಾಕಷ್ಟಿದ್ದರೆ ಅದು ಬೆಳೆಯುತ್ತಿರುವ ಸುಣ್ಣದ ಹರಳಿನ ಮೇಲೆ ಕುಳಿತು ಬೆಳವಣಿಗೆಯನ್ನು ತಡೆಯುತ್ತದೆ. ಅದು ಇಳಿದಾಗ ಈ ತಡೆ ತಪ್ಪುತ್ತದೆ.

ಅತಿ ಹೆಚ್ಚು ಹಣ ಪೋಲಾಗುವುದು ಪಿಎಚ್ ವಿಷಯದಲ್ಲಿ. ಬೆಳಗ್ಗೆ 7.8 ಕಂಡರೆ ಗಾಬರಿ, ಪಿಎಚ್ ಏರಿಸುವ ಪುಡಿ. ಸಂಜೆಗೆ ಏರುತ್ತದೆ, ಮರುದಿನ ಮತ್ತೆ ಅಲ್ಲಿಗೇ ಬರುತ್ತದೆ, ಮತ್ತೆ ಪುಡಿ. ವಾರ ಕಳೆಯುವುದರೊಳಗೆ ಪಿಎಚ್ ಇದ್ದಲ್ಲೇ ಇದೆ, ಆಲ್ಕಲಿನಿಟಿ ಮಾತ್ರ 12 ದಾಟಿರುತ್ತದೆ. ಪೋಷಕಾಂಶ ಕಡಿಮೆ ಇರುವ ತೊಟ್ಟಿಯಲ್ಲಿ ಕವಲು ಹವಳಗಳ ತುದಿ ಸುಟ್ಟಂತೆ ಬೆಳ್ಳಗಾಗುವುದು ಇಂಥ ಹೊತ್ತಿನಲ್ಲೇ. ದೋಷ ನೀರಿನಲ್ಲಿ ಇರಲೇ ಇಲ್ಲ, ಕೋಣೆಯ ಗಾಳಿಯಲ್ಲಿತ್ತು. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ನಾಲ್ಕು ಜನ ಉಸಿರಾಡುತ್ತ, ಪಕ್ಕದಲ್ಲಿ ಗ್ಯಾಸ್ ಒಲೆ ಉರಿಯುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದು ನೀರಿನಲ್ಲಿ ಕರಗಿ ಪಿಎಚ್ ಇಳಿಸುತ್ತದೆ. ಇದನ್ನು ಪತ್ತೆ ಮಾಡಲು ಬಿಡಿಗಾಸೂ ಬೇಡ. ಒಂದು ಲೋಟ ತೊಟ್ಟಿಯ ನೀರನ್ನು ಬಾಲ್ಕನಿಗೆ ಒಯ್ದು ಗಾಳಿಕಲ್ಲು ಹಾಕಿ ಒಂದು ಗಂಟೆ ಗುಳುಗುಳು ಅನ್ನಿಸಿ ಮತ್ತೆ ಅಳೆಯಿರಿ. ಏರಿದರೆ ಕಾರಣ ಗಾಳಿ. ಇನ್ನೊಂದು ಲೋಟವನ್ನು ಒಳಗೇ ಇಟ್ಟು ಅದೇ ರೀತಿ ಮಾಡಿ. ಅದೂ ಏರಿದರೆ ತೊಟ್ಟಿಯಲ್ಲಿ ನೀರು ಸಾಕಷ್ಟು ಕಲಕುತ್ತಿಲ್ಲ, ಏರದಿದ್ದರೆ ಕಿಟಕಿ ತೆರೆಯಬೇಕು ಅಥವಾ ಸ್ಕಿಮ್ಮರಿನ ಗಾಳಿಕೊಳವೆಯನ್ನು ಹೊರಗೆ ಎಳೆಯಬೇಕು. ಇಷ್ಟು ಅಗ್ಗದ, ಇಷ್ಟು ಖಚಿತವಾದ ಪರೀಕ್ಷೆ ಯಾವ ಪ್ಯಾಕೆಟ್ಟಿನ ಮೇಲೂ ಅಚ್ಚಾಗುವುದಿಲ್ಲ. ಅಚ್ಚಾದರೆ ಪುಡಿ ಮಾರಾಟವಾಗುವುದು ಹೇಗೆ?

ಪಿಎಚ್ ನಿಜಕ್ಕೂ ಏರಿಸಬೇಕಿದ್ದರೆ ಪೀಟರ್ ವಿಲ್ಕೆನ್ಸ್ ದಶಕಗಳ ಹಿಂದೆಯೇ ಬಳಕೆಗೆ ತಂದ ಸುಣ್ಣದ ತಿಳಿನೀರನ್ನು ಮೀರಿಸಿದ ಉಪಾಯ ನನಗೆ ಕಂಡಿಲ್ಲ. ಒಂದು ಲೀಟರಿನಲ್ಲಿ ಎರಡು ಗ್ರಾಮಿಗಿಂತ ಕಡಿಮೆಯೇ ಕರಗುತ್ತದೆ. ಅದು ಹೆಚ್ಚುವರಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಕ್ಯಾಲ್ಸಿಯಂ ಮತ್ತು ಆಲ್ಕಲಿನಿಟಿಯನ್ನು ಹವಳ ಕೇಳುವ ಅನುಪಾತದಲ್ಲೇ ಕೊಡುತ್ತದೆ. ದೋಷಗಳೂ ಇವೆ. ಅದರ ಪಿಎಚ್ 12 ದಾಟುತ್ತದೆ, ಒಮ್ಮೆಲೇ ಬಿದ್ದರೆ ತೊಟ್ಟಿ ಹಾಲಿನ ಬಣ್ಣಕ್ಕೆ ತಿರುಗಿ ಮೀನು ಸಾಯುತ್ತವೆ, ಹನಿಹನಿಯಾಗಿಯೇ ಬಿಡಬೇಕು. ಆವಿಯಾದಷ್ಟೇ ನೀರನ್ನು ಸೇರಿಸಲು ಸಾಧ್ಯವಾದ್ದರಿಂದ ಸುಣ್ಣದ ಪ್ರಮಾಣವನ್ನು ಹವೆಯೇ ನಿರ್ಧರಿಸುತ್ತದೆ. ಮಂಗಳೂರಿನ ಆಷಾಢದಲ್ಲಿ ಈ ವಿಧಾನ ಕೈಕೊಡುವುದು ಅದಕ್ಕೇ. ಎಲೆ-ಅಡಿಕೆಯ ಡಬ್ಬಿಯ ಸುಣ್ಣ ಬೇಡ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೇಕು ಎಂದು ಬೇರೆ ಹೇಳಬೇಕಿಲ್ಲ.

ಬೆಂಗಳೂರಿನಂಥ ಊರಲ್ಲಿ ಮತ್ತೊಂದು ಎಡವಟ್ಟು ಅಡುಗೆಮನೆಯ ಆರ್‌ಒ. ಕುಡಿಯುವ ನೀರಿಗೆ ರುಚಿ ಬರಲೆಂದು ಎಷ್ಟೋ ಯಂತ್ರಗಳಲ್ಲಿ ಶೋಧಿಸಿದ ನೀರಿಗೆ ಒಂದಿಷ್ಟು ಶೋಧಿಸದ ನೀರನ್ನು ಬೆರೆಸುವ ತಿರುಪು ಇರುತ್ತದೆ, ಇಲ್ಲವೇ ಖನಿಜ ಸೇರಿಸುವ ಡಬ್ಬಿ ಇರುತ್ತದೆ. ಮನುಷ್ಯರಿಗೆ ಒಳ್ಳೆಯದೇ. ತೊಟ್ಟಿಗೆ ಮಾತ್ರ, ದಿನಕ್ಕೆ ಎರಡು ಲೀಟರ್ ಆವಿಯಾಗಿ ಎರಡು ಲೀಟರ್ ತುಂಬುತ್ತ ಹೋದರೆ, ಆ ನೀರಿನಲ್ಲಿದ್ದದ್ದೆಲ್ಲ ಹಿಂದೆ ಉಳಿದು ಒಟ್ಟುಗೂಡುತ್ತದೆ. ಟಿಡಿಎಸ್ ಮೀಟರ್ ಸೊನ್ನೆ ತೋರಿಸುವಂತೆ ಡಿಅಯಾನೈಸೇಶನ್ ರಾಳದ ಹಂತ ಬೇಕೇ ಬೇಕು.

ಈಗಿನ ಫ್ಯಾಷನ್ ಐಸಿಪಿ ಪರೀಕ್ಷೆ. ಸೀಸೆಯಲ್ಲಿ ನೀರು ಕಳಿಸಿದರೆ ಮೂವತ್ತಕ್ಕೂ ಹೆಚ್ಚು ಧಾತುಗಳ ಪಟ್ಟಿ ಬರುತ್ತದೆ. ತುಕ್ಕು ಹಿಡಿದ ಕ್ಲಿಪ್ಪು, ಬಿರುಕುಬಿಟ್ಟ ಅಯಸ್ಕಾಂತ, ಎಲ್ಲಿಂದಲೋ ಬಂದ ತಾಮ್ರ, ಸತು ಇವನ್ನು ಹಿಡಿಯಲು ಇದಕ್ಕೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಆಲ್ಕಲಿನಿಟಿಯನ್ನಾಗಲಿ ಪಿಎಚ್ ಅನ್ನಾಗಲಿ ಆ ತಂತ್ರ ಅಳೆಯಲಾರದು. ಅಂಚೆಯಲ್ಲಿ ಹೋಗಿ ಬರುವಷ್ಟರಲ್ಲಿ ತೊಟ್ಟಿಯ ನೀರು ಬೇರೆಯೇ ಆಗಿರುತ್ತದೆ. ಪಟ್ಟಿಯಲ್ಲಿ ಕೆಂಪಾಗಿ ಕಂಡ ಪ್ರತಿ ಧಾತುವಿಗೂ ಪರೀಕ್ಷೆ ಮಾಡಿದವರೇ ಬಾಟಲಿ ಮಾರುವುದೂ ಉಂಟು. ಅಲ್ಲಿಗೆ ನನ್ನ ಉತ್ಸಾಹ ಇಳಿಯುತ್ತದೆ.

ನಮ್ಮಲ್ಲಿ ಈ ಎಚ್ಚರಕ್ಕೆ ಇನ್ನೊಂದು ಕಾರಣವೂ ಇದೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದಲ್ಲಿವೆ. ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಒಂದು ತುಣುಕು ಮುರಿದು ತರುವಂತಿಲ್ಲ. ಕಾಗದಪತ್ರ ಸಹಿತ ವಿದೇಶದಿಂದ ತರಿಸಿದ್ದು ಸತ್ತರೆ ನಷ್ಟ ತೊಟ್ಟಿಯವನದ್ದು ಮಾತ್ರವಲ್ಲ, ಎಲ್ಲೋ ಒಂದು ಸಮುದ್ರದ್ದು ಕೂಡ.

ಉಳಿದದ್ದು ನೀರು ಬದಲಿಸುವುದು. ಎಲ್ಲ ಗೊಂದಲಕ್ಕೂ ಇದೇ ಮದ್ದು ಎನ್ನುವ ಹಳೆಯ ಪಂಗಡ ನನಗೆ ಪ್ರಿಯವೇ, ಆದರೂ ಅವರ ಲೆಕ್ಕ ಸಡಿಲ. ನೈಟ್ರೇಟ್ 50 ಇದ್ದಾಗ ಹತ್ತನೇ ಒಂದು ಭಾಗ ಬದಲಿಸಿದರೆ 45 ಆಗುತ್ತದೆ, ಅಷ್ಟೇ. ಕೆಲವು ರೀಫ್ ಉಪ್ಪುಗಳನ್ನು ಕಲಸಿದರೆ ಆಲ್ಕಲಿನಿಟಿ 11 ಬರುತ್ತದೆ, ತೊಟ್ಟಿ 7.5ರಲ್ಲಿ ನೆಮ್ಮದಿಯಾಗಿದ್ದಾಗ ಕಾಲು ಭಾಗ ಬದಲಿಸಿದರೆ ಒಂದೇ ಗಂಟೆಯಲ್ಲಿ 8.4ಕ್ಕೆ ಜಿಗಿಯುತ್ತದೆ. ಮರುದಿನ ಹವಳ ಮುದುಡಿತೆಂದು ತೊಟ್ಟಿಯ ನೀರನ್ನು ನಾಲ್ಕು ಕಿಟ್‌ಗಳಲ್ಲಿ ಪರೀಕ್ಷಿಸುವವರು ಬೇಕಾದಷ್ಟಿದ್ದಾರೆ. ಸುರಿಯುವ ಮೊದಲು ಬಕೆಟ್ಟಿನ ನೀರನ್ನು ಪರೀಕ್ಷಿಸಿದವರು ನನಗೆ ಸಿಕ್ಕಿದ್ದು ಅಪರೂಪ.